ಎರಡು ಬೆರಳಗಲ

"ಇಲ್ಲೊಂದು ಸೈನ್ ಹಾಕಕ್ಕಾ, ಸಾಕು," ಎಂದು ಟೈಲರಮ್ಮನ ತಮ್ಮ ಅವಳ ಹೊಲಿಗೆ ಯಂತ್ರದ ಮೇಲೆ ಅರ್ಜಿ ಹರಡಿ ಪೆನ್ನು ಚಾಚಿದ. ಆಕೆ ಇಪ್ಪತ್ತು ವರ್ಷ ತಿಂಗಳು ತಿಂಗಳು ಕಟ್ಟಿದ ಪಿಂಚಣಿ ಹಣವನ್ನೆಲ್ಲ ಈಗಲೇ ಹಿಂತೆಗೆಯುವ ಅರ್ಜಿ ಅದು. "ನನ್ನ ಬಿಸಿನೆಸ್ಸಿಗೆ ಹಾಕಿದ್ರೆ ಎರಡೇ ವರ್ಷಕ್ಕೆ ಡಬಲ್. ನಿನ್ನ ಕೈಲಾಗದ ಕಾಲಕ್ಕೆ ನಾನಿಲ್ವಾ?"

ಆಕೆ ಪೆನ್ನು ಮುಟ್ಟಲಿಲ್ಲ. ಅವನ ಅಂಗಿಯ ಅಂಚು ಹಿಡಿದೆಳೆದು ಒಳಮಗ್ಗುಲು ತಿರುವಿದಳು. ಬದಿಯ ಹೊಲಿಗೆಯಾಚೆ ಎರಡು ಬೆರಳಗಲ ಬಟ್ಟೆ ಮಡಚಿಕೊಂಡಿತ್ತು. "ಇದನ್ನ ಯಾಕೆ ಬಿಟ್ಟಿದ್ದೀನಿ ಹೇಳು?"

"ದಪ್ಪ ಆದ್ರೆ ಬಿಚ್ಚೋಕೆ."

"ಕಂಡೋರ ಬಟ್ಟೆಗೆಲ್ಲ ಮುಂದಕ್ಕಿರಲಿ ಅಂತ ಎರಡು ಬೆರಳು ಬಿಡೋಳು ನಾನು. ನನ್ನದನ್ನ ಮಾತ್ರ ಹೊಲಿಗೆ ಅಂಚಿಗೇ ಕತ್ತರಿಸಿಬಿಡ್ಲಾ?"

"ಅಂದ್ರೆ, ನನ್ನ ಮೇಲೆ ನಂಬಿಕೆ ಇಲ್ಲ!"

"ನಿನ್ನ ಹೊಟ್ಟೇನೇ ನಂಬಲಿಲ್ಲ ಕಣೋ, ಇನ್ನು ಬಿಸಿನೆಸ್ಸು!"

ಅಷ್ಟು ಹೇಳಿ ಆಕೆ ಪೆನ್ನು ಎತ್ತಿಕೊಂಡಾಗ ತಮ್ಮನ ಮುಖ ಅರಳಿತು. ಆಕೆ ಅರ್ಜಿಯ ಉದ್ದಕ್ಕೂ ಒಂದು ಕಾಲರಿನ ಆಕಾರ ಗೀಚಿದಳು. ಕತ್ತರಿ ತೆಗೆದು, ಸಹಿಯ ಜಾಗದ ನಟ್ಟನಡುವೆ ಕಚಕಚನೆ ಕತ್ತರಿಸಿ, ಆ ತುಂಡನ್ನು ಅವನ ಕತ್ತಿಗೆ ಹಿಡಿದು ನೋಡಿದಳು.

"ಸರಿಯಾಗಿದೆ. ಮುಂದಿನ ಅಂಗಿಗೆ ಇದೇ ಅಳತೆ. ಇಷ್ಟು ವರ್ಷ ಪುಕ್ಕಟೆ ಹೊಲಿದೆ, ಇನ್ಮೇಲೆ ಕೂಲಿ ತಗೊಂಡು ಬಾ. ಅದನ್ನೂ ಪಿಂಚಣಿಗೇ ಕಟ್ತೀನಿ."