ತವರಿಗೆ ಬಂದವರು

ಪ್ರತಿ ವರ್ಷ ಹಿತ್ತಲಿನ ಹುಣಸೆಮರದಲ್ಲಿ ಗೂಡು ಕಟ್ಟುವ ಕೊಕ್ಕರೆಗಳನ್ನು ಅವ್ವ ‘ಬಾಣಂತನಕ್ಕೆ ಬಂದ ಹೆಣ್ಮಕ್ಳು’ ಎನ್ನುತ್ತಿದ್ದಳು.

ಈ ವರ್ಷ ಅವಳ ಸ್ವಂತ ಮಗಳೂ ಆಸ್ಪತ್ರೆಯಲ್ಲಿ ಹೆತ್ತು, ಕೂಸಿನೊಂದಿಗೆ ನೇರ ತವರಿಗೆ ಬಂದಳು. ಗಾಳಿ ಸೋಕುತ್ತದೆಂದು ಅವ್ವ ಹಿತ್ತಲಿಗೆ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಿಸಿನೀರು ಹುಯ್ಯಿಸಿಕೊಂಡು ಮಲಗಿದ್ದ ಮಗಳಿಗೆ ರೆಕ್ಕೆಗಳ ಸದ್ದು ಕೇಳಿತು. ಒದ್ದೆ ತಲೆಯಲ್ಲೇ ಹಿತ್ತಲಿಗೆ ಓಡಿದಳು. ಕೊಕ್ಕರೆಗಳು ಇಳಿಯಲು ಜಾಗ ಕಾಣದೆ ಮೇಲೆಯೇ ಸುತ್ತುತ್ತಿದ್ದವು. ಕೆಳಗೆ ಮರದ ಬೊಡ್ಡೆಯಷ್ಟೇ ಉಳಿದಿತ್ತು.

“ಮರ ಕಡಿಸ್ಬುಟ್ಯಾ ಅವ್ವಾ? ಹೆಣ್ಮಕ್ಳು ಅಂತಿದ್ದೋಳು ನೀನೇ ಅಲ್ವಾ? ಯಾರ್ಗೆ ಮಾರ್ಕೊಂಡೆ ಹೇಳು!”

“ಮಾರ್ಲಿಲ್ಲ ಕಣವ್ವ.” ಅವ್ವ ಸೆರಗಿನಿಂದ ಮಗಳ ತಲೆ ಒರೆಸತೊಡಗಿದಳು. “ದಿನಾ ನಿಂಗೆ ಹುಯ್ಯೋ ಹಂಡೆ ನೀರು ಯಾವ ಸೌದೇಲಿ ಕಾಯ್ತದೆ ಅನ್ಕಂಡೆ?”