ಅಜ್ಜಿಯ ತಲೆ ಮೇಲೆ ಗೋಧಿ

ಮುತ್ತಿಗೆ ಹಾಕಿದ್ದ ರೋಮಿನವರು ಹೊರಟುಹೋದರೂ ನನ್ನ ಹೆದರಿಕೆ ಹೋಗಿರಲಿಲ್ಲ. ನಮ್ಮ ಒಲೆಯ ಹಿಂದೆ ನಾನು ಹೂತಿಟ್ಟ ಒಂದು ಗಡಿಗೆ ಗೋಧಿ ಹಾಗೇ ಇತ್ತು. ನಮ್ಮ ಊರು ಪಲ್ಲಂತಿಯದಲ್ಲಿ ಯಾರೇ ಬೆಳೆಯಲಿ, ಕಾಳೆಲ್ಲ ನೆಲದೊಳಗೆ ತೋಡಿದ ಊರ ಹಗೇವಿಗೆ ಸೇರಬೇಕು, ಅಲ್ಲಿಂದ ಎಲ್ಲರಿಗೂ ಸಮಪಾಲು. ಕದ್ದಿಟ್ಟವರಿಗೆ ಸಾವು.

ಆ ಬೆಳಿಗ್ಗೆ ಊರಿಗೆ ಊರೇ ಕೋಟೆಯಾಚೆ ಇತ್ತು. ನಮ್ಮನ್ನು ಹಸಿವಿನಿಂದ ಕೊಲ್ಲಲು ಬಂದವರು ತಾವೇ ಹಸಿವು ತಾಳದೆ ಡೇರೆ, ಗುದ್ದಲಿ ಬಿಟ್ಟು ಹೋಗಿದ್ದರು. ಜನ ನಗುತ್ತ ಆಯ್ದುಕೊಳ್ಳುತ್ತಿದ್ದರು. ನಾನು ಗಡಿಗೆಯನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಹಗೇವಿನ ಬಾಯಿಗೆ ಬಂದೆ. ಇದ್ದಬದ್ದ ಕಾಳಿನಲ್ಲಿ ಬೆರೆತುಹೋದರೆ ಯಾರಿಗೆ ತಿಳಿಯುತ್ತದೆ? ಕಣ್ಣು ಮುಚ್ಚಿ ಸುರಿದೆ.

"ಯಾವಳೇ ಅದು? ನನ್ನ ತಲೆ ಏನು ಹೊಲ ಅಂದ್ಕೊಂಡ್ಯಾ?"

ಹಗೇವು ಬರಿದಾಗಿತ್ತು. ಅದನ್ನು ಕಾಯುವ ಬೌತಿಯಜ್ಜಿ ಒಳಗೆ ಇಳಿದು ಗುಡಿಸುತ್ತಿದ್ದಳು. ಏಣಿ ಹತ್ತಿ ಬಂದವಳ ನರೆಗೂದಲ ತುಂಬ ಗೋಧಿ. ಗಡಿಗೆ ನೋಡಿದಳು, ನನ್ನ ಮುಖ ನೋಡಿದಳು.

"ಯಾವಾಗಿಂದ ಇದು?"

"ಮುತ್ತಿಗೆ ಶುರುವಾದಾಗಿಂದ, ಅಜ್ಜಿ."

ಅಷ್ಟರಲ್ಲಿ ಊರ ಹಿರಿಯ ತುರಾಯ ರೋಮಿನವರದೊಂದು ಶಿರಸ್ತ್ರಾಣ ಹಾಕಿಕೊಂಡು ಬಂದ. ಶಿಕ್ಷೆ ಹೇಳುವವನು ಅವನೇ. "ಏನಜ್ಜಿ, ಹೊಲ ಸಾಲ್ದೆ ತಲೇಲೂ ಬಿತ್ಕೊಂಡ್ಯಾ?"

"ನೀನು ನಗಬೇಡ. ಬಿತ್ತೋಕೆ ಕಾಳೇ ಇಲ್ಲ ಅಂತ ನಿನ್ನೆಯೆಲ್ಲ ಗೋಳಾಡ್ತಿದ್ಯಲ್ಲ? ನಾವೆಲ್ಲ ತಳ ಕೆರೆದು ತಿಂದ್ವಿ. ಈ ಹುಡುಗಿ ಬೀಜಕ್ಕೆ ಅಂತ ಎತ್ತಿಟ್ಟಿದ್ಲು." ಅಜ್ಜಿ ನನ್ನ ಮೊಣಕೈ ಚಿವುಟಿದಳು. "ಹೌದು ತಾನೇ, ದೊವಿದೇನ?"

ತುರಾಯ ಶಿರಸ್ತ್ರಾಣ ತೆಗೆದ. ನನ್ನನ್ನು ಯಾರೂ ಅಷ್ಟು ಗೌರವದಿಂದ ನೋಡಿದ್ದಿಲ್ಲ. "ಬೀಜಕ್ಕಾ ಮಗಳೇ?"

ಹೂಂ ಎಂದರೆ ಸಾಕಿತ್ತು. ಬಿಸಿಲು ಹಿತವಾಗಿತ್ತು. ಕೋಟೆಯಾಚೆ ಯಾರೋ ಹಾಡುತ್ತಿದ್ದರು. ಅಜ್ಜಿಯ ಹುಬ್ಬಿನಲ್ಲಿ ಒಂದು ಕಾಳು ಸಿಕ್ಕಿಕೊಂಡಿತ್ತು. ಹೋದ ವಾರ ಇದೇ ಅಜ್ಜಿ ತನಗೆ ಹಸಿವಿಲ್ಲವೆಂದು ಓಕ್ ಕಾಯಿಯ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟಿದ್ದಳು. ನಾನು ತಿಂದಿದ್ದೆ. ನಮ್ಮ ಒಲೆಯ ಹಿಂದೆ ಒಂದು ಗಡಿಗೆ ಗೋಧಿ ಇದ್ದಾಗ.

"ಅಲ್ಲ," ಎಂದೆ. "ನಾನೊಬ್ಬಳೇ ತಿನ್ನೋಕೆ ಇಟ್ಕೊಂಡಿದ್ದೆ."