ರೊಟ್ಟಿ ಹಿಟ್ಟಿನ ಬಣ್ಣ

ಈಗೂ ಜ್ವಾಳದ ಹಿಟ್ಟಿನ ವಾಸನಿ ಮೂಗಿಗೆ ಹತ್ತಿದರ ನನಗ ಆ ಸಿನಿಮಾದಾಕಿ ಮಾರಿ ನೆನಪಾಗತೈತಿ.

ಗಜೇಂದ್ರಗಡದಾಗ ನಮ್ಮದು ನೇಕಾರರ ಮನಿ. ಆಗ ನನಗ ಎಂಟೊಂಬತ್ತು ವರ್ಷ. ಒಂದ ಮಧ್ಯಾಹ್ನ ಆಕಿ ಸೀರಿ ಕೊಳ್ಳಾಕ ಮೋಟಾರಿನ್ಯಾಗ ಬಂದಳು. ರೋಣದ ಕಡೆ ಹೆಣ್ಮಗಳು, ನಮ್ಮಪ್ಪನ ಅವ್ವ ಆಯಿಯ ವಾರಗಿಯಾಕಿ, ಅರವತ್ತು ದಾಟಿದಾಕಿ. ಆದರ ಟೆಂಟಿನ್ಯಾಗ ಆಕಿ ಹಳೇ ಸಿನಿಮಾ ನೋಡಿದ ಮಂದಿಗೆ ಇನ್ನೂ ಹದಿನೆಂಟರಾಕಿ. ಊರೆಲ್ಲಾ ನಮ್ಮ ಬಾಗಲಕ್ಕ ಬಂದು ನಿಂತಿತ್ತು.

ಸೀರಿ ಆರಿಸಿದ ಮ್ಯಾಲ ಆಯಿ ಉಡಿ ತುಂಬಾಕ ಆಕಿನ್ನ ಕಟಗಿ ಮಣಿ ಮ್ಯಾಲ ಕುಂದರಿಸಿದಳು. ಕುಂಕುಮ ಹಚ್ಚೂ ಮೊದಲ, ಭಾಳ ಬೆವತಾಳಂತ ಹಸಿ ಸೆರಗಿನಿಂದ ಆಕಿ ಹಣಿ, ಗಲ್ಲ ಗಸಗಸ ಒರೆಸಿಬಿಟ್ಟಳು. ಬಣ್ಣೆಲ್ಲಾ ಸೆರಗಿಗೆ ಬಂತು. ಅದರ ಕೆಳಗ ಸುಕ್ಕುಗಟ್ಟಿದ ಮಾರಿ, ಥೇಟ್ ಆಯಿ ಮಾರಿಯಂಗ.

"ಏನ್ ಮಾಡಿದ್ರಿ ಅವ್ವಾರ! ಪೌಡರ್ ಡಬ್ಬಿ ಮೋಟಾರಿನ್ಯಾಗ ಐತಿ. ಇಷ್ಟು ಮಂದಿ ಮುಂದ ಹಿಂಗ ಹ್ಯಾಂಗ ಹೋಗ್ಲಿ?" ಅಂದಳು. ಅಂಗೈಲೆ ಮಾರಿ ಮುಚ್ಚಿಕೊಂಡು ಅಳಾಕ ಹತ್ತಿದಳು.

"ಅಷ್ಟಕ್ಕ ಅಳತಾರೇನ ತಂಗಿ? ಕಣ್ಣ ಮುಚ್ಚು" ಅಂದ ಆಯಿ, ನನ್ನ ಕೈಲಿ ಒಲಿ ಮುಂದಿನ ಹಿಟ್ಟಿನ ಬುಟ್ಟಿ ತರಿಸಿದಳು. ರೊಟ್ಟಿಗೆ ಸವರಿದಂಗ ಆಕಿ ಹಸಿ ಮಾರಿಗೆ ತೆಳ್ಳಗ ಹಿಟ್ಟು ಸವರಿ, ಕುಂಕುಮ ಇಟ್ಟಳು.

ಆಕಿ ಉಡಿ ಹಿಡಕೊಂಡು ಹೊಸ್ತಿಲ ದಾಟಿದಳು. ದಾಟೂದರಾಗ ಸಿನಿಮಾದ ನಗಿ ಮಾರಿಗೆ ಬಂದಿತ್ತು. ಮಂದಿ ಸಿಳ್ಳಿ ಹಾಕಿದರು.

ಬಾಜೂ ಮನಿ ಗಂಗವ್ವ ಒಳಗ ಬಂದು, "ಏನ್ ಬಣ್ಣ ಬೇ ಯಕ್ಕಾ ಆಕಿದು! ಪ್ಯಾಟಿ ಪೌಡರ್ ಅಂದ್ರ ಅದು" ಅಂದಳು.

ನಾ ಬಾಯಿ ತೆಗೆಯೂದರಾಗ ಆಯಿ ಬುಟ್ಟಿ ನನ್ನ ಕೈಗೆ ಕೊಟ್ಟು, "ಒಳಗ ಇಡ ಹೋಗ, ರೊಟ್ಟಿ ಬಡಿಯೂದೈತಿ" ಅಂದಳು.